ನಿಂತ ಬಿಳಿ ಮಚ್ಚೆಗೆ ಚರ್ಮ ಕಸಿ: ಯಾರಿಗೆ, ಯಾವ ವಿಧಾನ, ಆಮೇಲೆ ಏನು?

ತೊನ್ನಿನ (ವಿಟಿಲಿಗೋ) ಮಚ್ಚೆಗೆ ಆಪರೇಷನ್ ಇದೆ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವುದು ಒಂದೇ: ಯಾವ ವಿಧಾನ ಒಳ್ಳೆಯದು? ಪಂಚ್ ಹಾಕಿಸುವುದಾ, ಗುಳ್ಳೆ ಎಬ್ಬಿಸಿ ಅಂಟಿಸುವುದಾ, ಇಲ್ಲ ಕೋಶಗಳ ದ್ರಾವಣ ಹರಡುವುದಾ? ಆ ಪ್ರಶ್ನೆಗೆ ಬರೋಣ. ಆದರೆ ಅದಕ್ಕಿಂತ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಬೇಕು. ಮಚ್ಚೆ ನಿಜವಾಗಿ ನಿಂತಿದೆಯಾ? ಇನ್ನೂ ಹರಡುತ್ತಿರುವ ಮಚ್ಚೆಗೆ ಎಷ್ಟೇ ನುರಿತವರು ಕಸಿ ಮಾಡಿದರೂ ಹಾಕಿದ ಬಣ್ಣ ಹೋಗಬಹುದು. ಅದರ ಜೊತೆಗೆ, ಚರ್ಮ ತೆಗೆದ ಜಾಗದಲ್ಲೂ ಹೊಸ ಬಿಳಿ ಮಚ್ಚೆ ಏಳಬಹುದು. ಹಾಗಾಗಿ ಈ ಲೇಖನದಲ್ಲಿ ವಿಧಾನಗಳ ಬಗ್ಗೆ ಹೇಳುವಷ್ಟೇ ಮಾತನ್ನು ಕಾಯುವುದರ ಬಗ್ಗೆಯೂ ಹೇಳುತ್ತೇನೆ.

ಕಸಿ ಯಾವಾಗ ಬೇಕಾಗುತ್ತದೆ?

ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ತಯಾರಿಸುವ ಕೋಶಗಳಿರುತ್ತವೆ. ಇವೇ ಮೆಲನೋಸೈಟ್‌ಗಳು. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇವುಗಳನ್ನು ನಾಶ ಮಾಡುತ್ತದೆ. ಮುಲಾಮು ಹಚ್ಚಿದಾಗ, ಬೆಳಕಿನ ಚಿಕಿತ್ಸೆ ತೆಗೆದುಕೊಂಡಾಗ ಬಣ್ಣ ವಾಪಸ್ ಬರುವುದು ಎಲ್ಲಿಂದ? ಹೆಚ್ಚಾಗಿ ಕೂದಲ ಬುಡದಿಂದ. ಅಲ್ಲಿ ಈ ಕೋಶಗಳ ದಾಸ್ತಾನು ಇರುತ್ತದೆ. ಅದಕ್ಕೇ ಮಚ್ಚೆಯ ನಡುವೆ ಚುಕ್ಕಿ ಚುಕ್ಕಿಯಾಗಿ ಬಣ್ಣ ಮೂಡುವುದು.

ಈಗ ಮಚ್ಚೆಯ ಮೇಲಿನ ಕೂದಲನ್ನೇ ಹತ್ತಿರದಿಂದ ನೋಡಿ. ಕಪ್ಪಾಗಿದ್ದರೆ ದಾಸ್ತಾನು ಉಳಿದಿದೆ ಅಂತ ಅರ್ಥ. ಔಷಧಕ್ಕೆ ಇನ್ನೂ ಅವಕಾಶ ಇದೆ. ಕೂದಲೂ ಬೆಳ್ಳಗಾಗಿದ್ದರೆ, ಅಥವಾ ತುಟಿ, ಬೆರಳ ತುದಿಯಂಥ ಕೂದಲೇ ಇಲ್ಲದ ಜಾಗವಾಗಿದ್ದರೆ, ಔಷಧದಿಂದ ಬಣ್ಣ ಬರುವ ಸಾಧ್ಯತೆ ಕಡಿಮೆ. ಅಂಥ ಕಡೆ ಹೊರಗಿನಿಂದ ಕೋಶಗಳನ್ನು ತಂದು ನೆಡಬೇಕಾಗುತ್ತದೆ. ಆ ಕೋಶಗಳು ನಿಮ್ಮದೇ ಚರ್ಮದ್ದು. ಬೇರೆಯವರ ಚರ್ಮ ಬಳಸುವುದಿಲ್ಲ.

ಎಲ್ಲ ಬಗೆಯ ತೊನ್ನಿಗೂ ಫಲಿತಾಂಶ ಒಂದೇ ರೀತಿ ಇರುವುದಿಲ್ಲ. ದೇಹದ ಒಂದೇ ಪಕ್ಕದಲ್ಲಿ, ಪಟ್ಟಿಯಂತೆ ಬರುವ ತೊನ್ನಿಗೆ ಸೆಗ್ಮೆಂಟಲ್ ವಿಟಿಲಿಗೋ ಅನ್ನುತ್ತಾರೆ. ಇದು ಶುರುವಿನಲ್ಲಿ ಬೇಗ ಹರಡಿ, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ನಿಂತುಬಿಡುತ್ತದೆ. ಕಸಿಗೆ ಅತ್ಯಂತ ಚೆನ್ನಾಗಿ ಒಗ್ಗುವುದು ಇದೇ. ಎರಡೂ ಪಕ್ಕ ಬರುವ ಬಗೆ ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಶುರುವಾಗಬಹುದು. ಅಲ್ಲೂ ಕಸಿ ಮಾಡುತ್ತಾರೆ, ಆದರೆ ಜಾಸ್ತಿ ಎಚ್ಚರದಿಂದ. ಮೈತುಂಬ ಹರಡಿದವರಿಗೆ ಕಸಿ ದಾರಿಯಲ್ಲ, ಯಾಕೆಂದರೆ ತೆಗೆಯಲು ಸಾಕಷ್ಟು ಬಣ್ಣದ ಚರ್ಮವೇ ಉಳಿದಿರುವುದಿಲ್ಲ.

ಹೆಜ್ಜೆ 1: ಮಚ್ಚೆ ನಿಂತಿದೆ ಅಂತ ಖಾತ್ರಿ ಮಾಡಿಕೊಳ್ಳಿ

ಸಾಮಾನ್ಯ ಲೆಕ್ಕ ಹೀಗಿದೆ: ಕಡೇ ಪಕ್ಷ ಒಂದು ವರ್ಷ ಹೊಸ ಮಚ್ಚೆ ಬಂದಿರಬಾರದು. ಹಳೆಯವು ದೊಡ್ಡದಾಗಿರಬಾರದು. ಗಾಯ ಆದ ಕಡೆ, ಗೀರಿದ ಕಡೆ ಬಿಳಿ ಆಗಿರಬಾರದು. ಕೆಲವು ವೈದ್ಯರು ಆರು ತಿಂಗಳಿಗೂ ಒಪ್ಪುತ್ತಾರೆ, ಕೆಲವರು ಎರಡು ವರ್ಷ ಕೇಳುತ್ತಾರೆ. ನನ್ನನ್ನು ಕೇಳಿದರೆ, ಒಂದು ವರ್ಷಕ್ಕಿಂತ ಕಡಿಮೆಯಲ್ಲಿ ಅವಸರ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ. ಮಚ್ಚೆ ಎಲ್ಲಿಗೂ ಓಡಿಹೋಗುವುದಿಲ್ಲ.

"ನಿಂತಿದೆ ಅನ್ಸುತ್ತೆ" ಅನ್ನುವ ಅಂದಾಜು ಮಾತ್ರ ಸಾಲದು. ದಿನಾ ಕನ್ನಡಿಯಲ್ಲಿ ನೋಡುವವರಿಗೆ ನಿಧಾನದ ಬದಲಾವಣೆ ಕಾಣುವುದೇ ಇಲ್ಲ. ಫೋಟೋ ತೆಗೆಯಿರಿ. ಒಂದೇ ಜಾಗ, ಒಂದೇ ಬೆಳಕು, ಒಂದೇ ದೂರ. ಮಚ್ಚೆಯ ಪಕ್ಕ ಒಂದು ಸ್ಕೇಲ್ ಇಟ್ಟು, ಎರಡು ಮೂರು ತಿಂಗಳಿಗೊಮ್ಮೆ. ಇನ್ನೂ ಸರಳವಾದದ್ದು: ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಚ್ಚೆಯ ಮೇಲಿಟ್ಟು ಅಂಚನ್ನು ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳುವುದು. ಹತ್ತಿರದ ಒಂದು ಹುಟ್ಟುಮಚ್ಚೆಯನ್ನೋ ಗೆಣ್ಣನ್ನೋ ಅದರಲ್ಲೇ ಗುರುತು ಮಾಡಿ, ತಾರೀಖು ಬರೆದಿಡಿ. ಆರು ತಿಂಗಳ ಮೇಲೆ ಅದೇ ಹಾಳೆಯನ್ನು ಅದೇ ಗುರುತಿಗೆ ಹೊಂದಿಸಿ ಇಟ್ಟರೆ ಅಂಚು ಎಲ್ಲಿ ಸರಿದಿದೆ ಅನ್ನುವುದು ಎದ್ದು ಕಾಣುತ್ತದೆ.

ವೈದ್ಯರ ಹತ್ತಿರ ವುಡ್ಸ್ ಲ್ಯಾಂಪ್ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಇದರ ನೇರಳಾತೀತ ಬೆಳಕು ಬಿಟ್ಟರೆ ಬಣ್ಣ ಪೂರ್ತಿ ಹೋದ ಜಾಗ ಹೊಳೆಯುತ್ತದೆ. ತಿಳಿ ಮೈಬಣ್ಣದವರಲ್ಲಂತೂ ಬರಿಗಣ್ಣಿಗೆ ಕಾಣದ ಮಚ್ಚೆಗಳೂ ಇದರಲ್ಲಿ ಸಿಗುತ್ತವೆ. ಅವರು ಹುಡುಕುವ ಕೆಟ್ಟ ಲಕ್ಷಣಗಳು ಇವು:

- ಮಚ್ಚೆಯ ಸುತ್ತ ಸಾಸಿವೆಯಷ್ಟು ಪುಟ್ಟ ಪುಟ್ಟ ಬಿಳಿ ಚುಕ್ಕಿಗಳು ಚೆಲ್ಲಿದಂತೆ ಇರುವುದು
- ಅಂಚು ಸ್ಪಷ್ಟ ಇಲ್ಲದೆ ಮಸುಕಾಗಿರುವುದು
- ಬಿಳಿ ಮತ್ತು ಮಾಮೂಲಿ ಬಣ್ಣದ ನಡುವೆ ಮೂರನೆಯ, ತಿಳಿ ಬಣ್ಣದ ಪಟ್ಟಿ ಇರುವುದು
- ಗೀರಿದ ಗೆರೆಯ ಉದ್ದಕ್ಕೂ, ಬೆಲ್ಟ್ ಒತ್ತುವ ಕಡೆ ಬಿಳಿ ಮೂಡುವುದು. ಇದಕ್ಕೆ ಕೋಬ್ನರ್ ಪರಿಣಾಮ ಅನ್ನುತ್ತಾರೆ

ಇವುಗಳಲ್ಲಿ ಒಂದು ಕಂಡರೂ ಕಸಿಯನ್ನು ಮುಂದೂಡಿ, ಮೊದಲು ಔಷಧದಿಂದ ರೋಗವನ್ನು ನಿಲ್ಲಿಸುವುದು ಸರಿಯಾದ ಕ್ರಮ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಪರೀಕ್ಷೆಯ ಕಸಿ ಮಾಡುತ್ತಾರೆ. ಮಚ್ಚೆಯ ಮಧ್ಯೆ ನಾಲ್ಕೈದು ಪುಟ್ಟ ಚರ್ಮದ ಚೂರುಗಳನ್ನು ನೆಟ್ಟು ಮೂರು ತಿಂಗಳು ಕಾಯುವುದು. ಚೂರಿನ ಅಂಚಿನಿಂದ 1 ಮಿಲಿಮೀಟರ್‌ಗಿಂತ ಹೆಚ್ಚು ಬಣ್ಣ ಹರಡಿದರೆ, ತೆಗೆದ ಜಾಗವೂ ಬಿಳಿಯಾಗದಿದ್ದರೆ, ಮುಂದುವರಿಯಬಹುದು. ಈ ಪರೀಕ್ಷೆಯನ್ನು ರೂಢಿಗೆ ತಂದವರು ಕೊಲಂಬಿಯಾದ ಚರ್ಮವೈದ್ಯ ರಾಫೇಲ್ ಫಾಲಬೆಲ್ಲಾ. ಪರೀಕ್ಷೆ ಚೆನ್ನಾಗಿ ಬಂದರೂ ಅದು ಪೂರ್ತಿ ಗ್ಯಾರಂಟಿ ಅಲ್ಲ. ಆದರೂ ದೊಡ್ಡ ಜಾಗಕ್ಕೆ ಕೈ ಹಾಕುವ ಮುಂಚೆ ಮೂರು ತಿಂಗಳು ಕೊಡುವುದು ನಷ್ಟವೇನಲ್ಲ.

ಹೆಜ್ಜೆ 2: ನಿಮ್ಮ ದೇಹ ತಯಾರಿದೆಯಾ ನೋಡಿ

ಗಾಯ ಆದ ಕಡೆ ದಪ್ಪಗೆ ಉಬ್ಬಿ ಬೆಳೆಯುವ ಕೆಲಾಯ್ಡ್ ಪ್ರವೃತ್ತಿ ನಿಮಗಿದ್ದರೆ ಮೊದಲೇ ಹೇಳಿ. ಕಿವಿ ಚುಚ್ಚಿದ ಕಡೆ ಗಂಟಾಗಿತ್ತಾ ಅಂತ ನೆನಪು ಮಾಡಿಕೊಳ್ಳಿ, ಸುಳಿವು ಅಲ್ಲೇ ಸಿಗುತ್ತದೆ. ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಕಸಿ ಮಾಡುವ ಜಾಗದಲ್ಲಿ ಕೀವು ಅಥವಾ ಸೋಂಕು ಇದ್ದರೆ ಮೊದಲು ಅದನ್ನು ಸರಿ ಮಾಡಬೇಕು. ತುಟಿಯ ಮೇಲೆ ಪದೇ ಪದೇ ಹರ್ಪಿಸ್ ಗುಳ್ಳೆ ಏಳುವವರು ಅದನ್ನೂ ತಿಳಿಸಬೇಕು. ತುಟಿಯ ಕಸಿಗೆ ಮುಂಚೆ ಅವರಿಗೆ ವೈರಸ್ ತಡೆಯುವ ಮಾತ್ರೆ ಕೊಡುತ್ತಾರೆ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಲು ಹೋಗಬೇಡಿ. ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ತೀರ್ಮಾನ ಆಗಬೇಕು. ಸಿಗರೇಟು, ತಂಬಾಕು ಗಾಯ ಒಣಗುವುದನ್ನು ತಡ ಮಾಡುತ್ತವೆ. ರಕ್ತ ಪರೀಕ್ಷೆ ಮಾಮೂಲಿ. ತೊನ್ನಿನ ಜೊತೆ ಥೈರಾಯ್ಡ್ ತೊಂದರೆ ಇರುವುದು ಸಾಮಾನ್ಯವಾದ್ದರಿಂದ ಅದನ್ನೂ ನೋಡಿಸಿಕೊಂಡರೆ ಒಳ್ಳೆಯದು.

ಮಕ್ಕಳ ವಿಷಯ ಬೇರೆ. ಪುಟ್ಟ ಮಕ್ಕಳು ಗಂಟೆಗಟ್ಟಲೆ ಅಲುಗಾಡದೆ ಮಲಗುವುದಿಲ್ಲ. ಅವರಲ್ಲಿ ರೋಗ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳುವುದೂ ಕಷ್ಟ. ಹೀಗಾಗಿ ಹೆಚ್ಚಿನ ವೈದ್ಯರು ದೊಡ್ಡವರಾಗುವವರೆಗೆ ಕಾಯೋಣ ಅನ್ನುತ್ತಾರೆ.

ಹೆಜ್ಜೆ 3: ಜಾಗಕ್ಕೆ ತಕ್ಕ ವಿಧಾನ ಆರಿಸಿ

ವಿಧಾನಗಳು ಎರಡು ಗುಂಪು. ಒಂದರಲ್ಲಿ ಚರ್ಮವನ್ನು ಚೂರಾಗಿಯೋ ಹಾಳೆಯಾಗಿಯೋ ಎತ್ತಿ ಹಾಕುತ್ತಾರೆ. ಇನ್ನೊಂದರಲ್ಲಿ ಚರ್ಮದಿಂದ ಕೋಶಗಳನ್ನು ಬಿಡಿಸಿ, ಕೋಶಗಳನ್ನಷ್ಟೇ ಹಾಕುತ್ತಾರೆ.

*ಪಂಚ್ ಕಸಿ.* ಇದು ಸಸಿ ನಾಟಿ ಮಾಡಿದ ಹಾಗೆ. ಪೃಷ್ಠ ಅಥವಾ ತೊಡೆಯ ಹೊರಭಾಗದಿಂದ 1ರಿಂದ 2 ಮಿಲಿಮೀಟರ್ ಅಗಲದ ದುಂಡು ಚೂರುಗಳನ್ನು ಪಂಚ್ ಉಪಕರಣದಿಂದ ತೆಗೆಯುತ್ತಾರೆ. ಮಚ್ಚೆಯಲ್ಲಿ 5ರಿಂದ 10 ಮಿಲಿಮೀಟರ್‌ಗೊಂದು ತೂತು ಮಾಡಿ ಅದರಲ್ಲಿ ಕೂರಿಸುತ್ತಾರೆ. ಪ್ರತಿ ಚೂರಿನ ಸುತ್ತ ಬಣ್ಣ ಉಂಗುರದಂತೆ ಹರಡಿ, ಉಂಗುರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಉಪಕರಣ ಕಡಿಮೆ, ಕೆಲಸ ಸರಳ. ಸೊಂಟ, ಕಾಲಿನಂಥ ಕಡೆ ನಡೆಯುತ್ತದೆ. ತೊಂದರೆ ಏನೆಂದರೆ, ಚೂರುಗಳು ಉಬ್ಬಿ ನಿಂತು ಚರ್ಮ ಹರಳು ಹರಳಾಗಿ ಕಾಣಬಹುದು. ಅದಕ್ಕೇ ಮುಖಕ್ಕೆ ಮಾಡುವಾಗ ಚಿಕ್ಕ ಪಂಚ್ ಬಳಸುತ್ತಾರೆ. ಮುಖಕ್ಕೆ ಬೇರೆ ವಿಧಾನ ಸಿಗುವಾಗ ಪಂಚ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಚೂರು ತೆಗೆದ ಕಡೆಯೂ ಸಣ್ಣ ಕಲೆಗಳು ಉಳಿಯುತ್ತವೆ.

*ಗುಳ್ಳೆ ಕಸಿ.* ಇದೊಂದು ಜಾಣ ವಿಧಾನ. ತೊಡೆಯ ಚರ್ಮದ ಮೇಲೆ ಸಿರಿಂಜಿನ ಕೊಳವೆಯನ್ನು ಬೋರಲು ಹಾಕಿ, ಒಳಗಿನ ಗಾಳಿ ಎಳೆದು ಹಾಗೇ ಬಿಡುತ್ತಾರೆ. ಎರಡು ಮೂರು ಗಂಟೆಯಲ್ಲಿ ಆ ಎಳೆತಕ್ಕೆ ಮೇಲ್ಪದರ ಮಾತ್ರ ಬಿಡಿಸಿಕೊಂಡು ನೀರುಗುಳ್ಳೆ ಏಳುತ್ತದೆ. ಜಾಗವನ್ನು ಬೆಚ್ಚಗಿಟ್ಟರೆ ಬೇಗ ಏಳುತ್ತದೆ. ಗುಳ್ಳೆಯ ಮೇಲಿನ ತೆಳು ಪೊರೆಯಲ್ಲೇ ಬಣ್ಣದ ಕೋಶಗಳಿರುತ್ತವೆ. ಅದನ್ನು ಅಂಚಿನಲ್ಲಿ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಮಗುಚಿ ಹರವಿ, ಮಚ್ಚೆಯ ಮೇಲ್ಪದರ ಸವೆಸಿದ ಜಾಗಕ್ಕೆ ಕೂರಿಸುತ್ತಾರೆ. ಪೊರೆಯ ಒಳಮೈ ಕೆಳಗೆ ಬರಬೇಕು. ಇಲ್ಲಿ ಮೇಲುಕೆಳಗಾದರೆ ಎಲ್ಲ ವ್ಯರ್ಥ. ತುಟಿ, ಕಣ್ಣರೆಪ್ಪೆ, ಮುಖದ ಸಣ್ಣ ಮಚ್ಚೆಗಳಿಗೆ ಇದು ತುಂಬ ಚೆನ್ನಾಗಿ ಹೊಂದುತ್ತದೆ. ಒಳಪದರಕ್ಕೆ ಗಾಯ ಆಗದ ಕಾರಣ ಚರ್ಮ ತೆಗೆದ ಕಡೆ ಕಲೆಯಾಗುವುದು ಅಪರೂಪ. ದೊಡ್ಡ ಮಚ್ಚೆಗೆ ಮಾತ್ರ ಆಗುವುದಿಲ್ಲ. ಎಷ್ಟು ಗುಳ್ಳೆ ಎಬ್ಬಿಸೋಕಾಗುತ್ತೆ, ಅಲ್ವಾ? ವಿಟಿಲಿಗೋದಂಥ ಬಿಳುಪಿಗೆ ಇದನ್ನು 1971ರಲ್ಲಿ ಬಳಸಿ ತೋರಿಸಿದವರೂ ಫಾಲಬೆಲ್ಲಾ ಅವರೇ.

*ತೆಳು ಹಾಳೆಯ ಕಸಿ.* ಚರ್ಮ ಹೆರೆಯುವ ಬ್ಲೇಡಿನಿಂದ ಬಲು ತೆಳುವಾದ ಚರ್ಮದ ಹಾಳೆ ತೆಗೆದು ಪೂರ್ತಿ ಮಚ್ಚೆಯನ್ನೇ ಮುಚ್ಚುತ್ತಾರೆ. ಭಾರತದ ಪಿ.ಎನ್. ಬೆಹ್ಲ್ ಅವರು 1964ರಲ್ಲೇ ಇದರ ಬಗ್ಗೆ ಬರೆದಿದ್ದರು. ಒಂದೇ ಸಲಕ್ಕೆ ಸಾಕಷ್ಟು ಜಾಗ ಮುಚ್ಚುತ್ತದೆ, ಬಣ್ಣವೂ ಬೇಗ ಬರುತ್ತದೆ. ಆದರೆ ಎಷ್ಟು ಜಾಗಕ್ಕೆ ಹಾಕಬೇಕೋ ಅಷ್ಟೇ ಚರ್ಮ ತೆಗೆಯಬೇಕು. ಹಾಳೆ ಸ್ವಲ್ಪ ದಪ್ಪ ಬಂದರೂ ಅಂಟಿಸಿದ ತೇಪೆಯಂತೆ ಕಾಣುತ್ತದೆ. ಅಂಚು ಎದ್ದು ನಿಲ್ಲುವುದು, ಬಿಳಿ ಕಾಳಿನಂಥ ಮಿಲಿಯಾ ಏಳುವುದು, ತೆಗೆದ ಕಡೆ ಗುರುತು ಉಳಿಯುವುದು ಇದರ ಮಾಮೂಲಿ ತಾಪತ್ರಯಗಳು. ಕೈಚಳಕದ ಮೇಲೆ ನಿಂತ ವಿಧಾನ ಇದು. ಇದರದ್ದೇ ಇನ್ನೊಂದು ರೂಪದಲ್ಲಿ, ತೆಗೆದ ಹಾಳೆಯನ್ನು ಕತ್ತರಿಯಿಂದ ನುಣ್ಣಗೆ ಹೆಚ್ಚಿ ಪೇಸ್ಟ್‌ನಂತೆ ಹರಡುತ್ತಾರೆ. ಅದಕ್ಕೆ ಸ್ಮ್ಯಾಶ್ ಕಸಿ ಅಂತ ಹೆಸರು.

*ಕೂದಲ ಬುಡದ ಕಸಿ.* ಹುಬ್ಬು, ತಲೆ, ಗಡ್ಡದ ಜಾಗಕ್ಕೆ. ತಲೆಯ ಹಿಂಭಾಗದಿಂದ ಒಂದೊಂದೇ ಕೂದಲನ್ನು ಬುಡಸಮೇತ ತೆಗೆದು ಮಚ್ಚೆಯಲ್ಲಿ ನೆಡುತ್ತಾರೆ. ಬುಡದ ಕೋಶಗಳು ಚರ್ಮಕ್ಕೂ ಬಣ್ಣ ಕೊಡುತ್ತವೆ. ಹುಬ್ಬಿನ ಕೂದಲು ಬೆಳ್ಳಗಾದವರಿಗೆ ಇದರಿಂದ ಎರಡು ಕೆಲಸ ಆಗುತ್ತದೆ. ಕೂದಲು ಬೆಳೆಯಬಾರದ ಜಾಗಕ್ಕೆ ಇದು ಬೇಡ.

*ಕೋಶ ದ್ರಾವಣದ ಕಸಿ.* ಅಂಗೈಯಷ್ಟು ಮಚ್ಚೆ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಮೊದಲು ಕೇಳಬೇಕಾದದ್ದು ಈ ವಿಧಾನದ ಬಗ್ಗೆ. ಮಚ್ಚೆಯ ಅಳತೆಯ ಹತ್ತನೇ ಒಂದರಿಂದ ಐದನೇ ಒಂದು ಪಾಲಿನಷ್ಟು ಬಣ್ಣದ ಚರ್ಮ ತೆಗೆದರೆ ಸಾಕು. ಅಂದರೆ 50 ಚದರ ಸೆಂಟಿಮೀಟರ್ ಮಚ್ಚೆಗೆ 5ರಿಂದ 10 ಚದರ ಸೆಂಟಿಮೀಟರ್. 1992ರಲ್ಲಿ ಫ್ರಾನ್ಸಿನ ಗೋತಿಯೇ ಮತ್ತು ಸುರ್ಲೆವ್-ಬಜೆಯ್ ಇದರ ಮೊದಲ ರೂಪ ಪ್ರಕಟಿಸಿದರು. ಅವರು ಚರ್ಮವನ್ನು ರಾತ್ರಿಯಿಡೀ ಕಿಣ್ವದಲ್ಲಿ ತಣ್ಣಗೆ ನೆನೆಸುತ್ತಿದ್ದರು. ಆಮೇಲೆ ಬಂದ ಸುಧಾರಣೆಗಳಿಂದ ಇದೀಗ ಒಂದೇ ದಿನದ ಕೆಲಸವಾಗಿದೆ. ಮಚ್ಚೆ ದೊಡ್ಡದು, ತೆಗೆಯುವ ಚರ್ಮ ಚಿಕ್ಕದು, ಬಣ್ಣವೂ ಸುತ್ತಲಿನ ಚರ್ಮಕ್ಕೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಲ್ಯಾಬ್ ಬೇಕು, ಅನುಭವ ಬೇಕು.

ಲ್ಯಾಬ್ ಇಲ್ಲದೆಯೂ ಕೋಶ ಹಾಕುವ ದಾರಿಗಳಿವೆ. ಜೋಧಪುರ ವಿಧಾನ ಅನ್ನುವುದರಲ್ಲಿ ತೊಡೆಯ ಮೇಲೆ ಮುಲಾಮು ಹಚ್ಚಿ, ಅದರ ಮೇಲೇ ಉಜ್ಜುವ ಯಂತ್ರ ಓಡಿಸಿ, ಮುಲಾಮಿಗೆ ಅಂಟಿಕೊಂಡ ಚರ್ಮದ ಕಣಗಳನ್ನು ಹಾಗೇ ಬಳಿದು ಮಚ್ಚೆಗೆ ಹಚ್ಚುತ್ತಾರೆ. ಇನ್ನೊಂದು ಕಡೆ ತಯಾರು ಕಿಟ್‌ಗಳಿವೆ. ರಿಸೆಲ್ ಅನ್ನುವ ಕಿಟ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಜೂನ್‌ನಲ್ಲಿ, 18 ವರ್ಷ ದಾಟಿದವರ ನಿಂತ ವಿಟಿಲಿಗೋಗೆ ಒಪ್ಪಿಗೆ ಕೊಟ್ಟಿತು. ಕೋಶಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ, ಸಂಖ್ಯೆ ಹೆಚ್ಚಿಸಿ ಹಾಕುವುದೂ ಉಂಟು. ಅದಕ್ಕೆ ಬೇಕಾದ ಲ್ಯಾಬು, ಅನುಮತಿ, ಖರ್ಚು ಎಲ್ಲ ದೊಡ್ಡದು. ಕೆಲವೇ ಕೇಂದ್ರಗಳಲ್ಲಿ ಸಿಗುತ್ತದೆ.

ವಿಧಾನ ಯಾವುದೇ ಇರಲಿ, ಕೆಲವು ಜಾಗಗಳು ಮೊಂಡು. ಬೆರಳ ತುದಿ, ಗೆಣ್ಣು, ಮೊಣಕೈ, ಪಾದ, ಕಣಕಾಲಿನ ಮೂಳೆಯ ಮೇಲೆ ಫಲಿತಾಂಶ ಕಡಿಮೆ. ಮುಖ, ಕತ್ತು, ಎದೆ, ಬೆನ್ನು ಚೆನ್ನಾಗಿ ಒಗ್ಗುತ್ತವೆ. ಕೈಬೆರಳಿಗೆ ಮಾಡಿಸಲು ಹೋದವರಿಗೆ ಮುಖದ ಫೋಟೋ ತೋರಿಸಿ ಭರವಸೆ ಕೊಟ್ಟರೆ ಸ್ವಲ್ಪ ಹುಷಾರಾಗಿರಿ. ಅದೇ ಜಾಗದ ಫೋಟೋ ಕೇಳಿ.

ಹೆಜ್ಜೆ 4: ಆ ದಿನ ಏನೇನು ನಡೆಯುತ್ತದೆ

ಕೋಶ ದ್ರಾವಣದ ಕಸಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ದೊಡ್ಡ ಮಚ್ಚೆಗಾದರೆ ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಚ್ಚಿಟ್ಟು, ಆಮೇಲೆ ಸೂಜಿ. ನೋವು ಅನ್ನುವುದಿದ್ದರೆ ಹೆಚ್ಚಾಗಿ ಆ ಸೂಜಿಯದ್ದೇ.

ತೊಡೆ ಅಥವಾ ಪೃಷ್ಠದಿಂದ ತೆಳುವಾದ ಒಂದು ಹಾಳೆ ಚರ್ಮ ತೆಗೆಯುತ್ತಾರೆ. ಎಷ್ಟು ತೆಳು ಅಂದರೆ, ಬ್ಲೇಡ್ ಮುಂದೆ ಸಾಗುವಾಗ ಚರ್ಮದ ಮೂಲಕ ಬ್ಲೇಡೇ ಕಾಣಬೇಕು. ಆ ಹಾಳೆ ಟ್ರಿಪ್ಸಿನ್ ಅನ್ನುವ ಕಿಣ್ವದ ದ್ರಾವಣಕ್ಕೆ ಬೀಳುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆಯನ್ನು ಟ್ರಿಪ್ಸಿನ್ ಸಡಿಲ ಮಾಡುತ್ತದೆ. ಆಮೇಲೆ ಅದರ ಕೆಲಸ ನಿಲ್ಲಿಸುವ ಇನ್ನೊಂದು ದ್ರಾವಣ ಹಾಕಿ, ಚಿಮುಟಿಯಿಂದ ಮೇಲ್ಪದರವನ್ನು ಕೆಳಪದರದಿಂದ ಬಿಡಿಸುತ್ತಾರೆ. ಕೋಶಗಳನ್ನು ಕೆರೆದು ಕೊಳವೆಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ಗಿರಗಿರ ತಿರುಗಿಸಿದರೆ ಕೊಳವೆಯ ತಳದಲ್ಲಿ ಒಂದು ಪುಟ್ಟ ಗಟ್ಟಿ ಉಳಿಯುತ್ತದೆ. ನಿಮ್ಮ ಬಣ್ಣ ಇರುವುದು ಅದರಲ್ಲೇ. ಅದನ್ನು ಸ್ವಲ್ಪವೇ ದ್ರವದಲ್ಲಿ ಕಲಸಿ ಸಿರಿಂಜಿಗೆ ತುಂಬುತ್ತಾರೆ.

ಇಷ್ಟರಲ್ಲಿ ಮಚ್ಚೆಯ ಕಡೆ ಕೆಲಸ ಶುರುವಾಗಿರುತ್ತದೆ. ತಿರುಗುವ ಉಜ್ಜುಗೊರಡಿನಿಂದ, ಇಲ್ಲವೇ ಲೇಸರ್‌ನಿಂದ, ಮಚ್ಚೆಯ ಮೇಲ್ಪದರವನ್ನು ಸವೆಸುತ್ತಾರೆ. ಸೂಜಿಮೊನೆಯಂಥ ರಕ್ತದ ಚುಕ್ಕಿಗಳು ಒಂದೇ ಸಮನಾಗಿ ಕಾಣಿಸಿಕೊಂಡಾಗ ನಿಲ್ಲಿಸಬೇಕು. ಕಡಿಮೆ ಸವೆಸಿದರೆ ಕೋಶ ಕೂರುವುದಿಲ್ಲ. ಜಾಸ್ತಿ ಸವೆಸಿದರೆ ಕಲೆ ಆಗುತ್ತದೆ. ಇಡೀ ಕಸಿಯಲ್ಲಿ ವೈದ್ಯರ ಕಣ್ಣಿನ ಅನುಭವ ಅತಿ ಹೆಚ್ಚು ಬೇಕಾಗುವುದು ಇದೊಂದು ಕ್ಷಣದಲ್ಲಿ. ಅಂಚಿನಾಚೆಗೂ ಒಂದಿಷ್ಟು ಸವೆಸುತ್ತಾರೆ, ಇಲ್ಲವಾದರೆ ಸುತ್ತ ಬಿಳಿ ಗೆರೆ ಉಳಿದುಬಿಡುತ್ತದೆ.

ಆಮೇಲೆ ದ್ರಾವಣ ಹರಡಿ, ಮೇಲೆ ಕೊಲಾಜನ್ ಹಾಳೆ, ಅದರ ಮೇಲೆ ಗಾಜ್ ಬಟ್ಟೆ, ಅಂಟುಪಟ್ಟಿ. ಇಲ್ಲಿಂದ ಮುಂದಿನ ಜವಾಬ್ದಾರಿ ಅರ್ಧ ನಿಮ್ಮದು.

ಹೆಜ್ಜೆ 5: ಮೊದಲ ವಾರ

ಅಲುಗಾಡಬಾರದು. ಎಲ್ಲ ಸೂಚನೆಗಳ ಸಾರ ಇದೇ. ಮೊದಲ ಕೆಲವು ಗಂಟೆ ಮಲಗಿಯೇ ಇರಿ ಅನ್ನುತ್ತಾರೆ. ತುಟಿಯ ಪಕ್ಕ ಮಾಡಿದ್ದರೆ ಮಾತು, ನಗು ಕಡಿಮೆ. ಊಟ ಮೆತ್ತಗಿನದ್ದು, ಅಗಿಯುವ ಕೆಲಸ ಇಲ್ಲದ್ದು. ಮಂಡಿ, ಮೊಣಕೈಯಂಥ ಕೀಲಿನ ಮೇಲೆ ಮಾಡಿದ್ದರೆ ಪಟ್ಟಿ ಕಟ್ಟಿ ಮಡಚದಂತೆ ಮಾಡುತ್ತಾರೆ. ರಾತ್ರಿ ನಿದ್ದೆಯಲ್ಲಿ ಆ ಪಕ್ಕ ಹೊರಳದಂತೆ ದಿಂಬು ಒತ್ತಿ ಇಟ್ಟುಕೊಳ್ಳಿ.

ಡ್ರೆಸ್ಸಿಂಗ್ ಒದ್ದೆ ಆಗಬಾರದು. ಬೆವರು ಕೂಡ ನೀರೇ, ಅದಕ್ಕೇ ವ್ಯಾಯಾಮ, ಓಟ ಬೇಡ. ತುರಿಕೆ ಬಂದರೆ ಮೇಲಿಂದ ತಟ್ಟಬೇಡಿ, ಉಜ್ಜಬೇಡಿ. ಕೆಳಗಿರುವ ಪದರ ಸರಿದುಹೋಗುತ್ತದೆ. ಸಾಮಾನ್ಯವಾಗಿ ಏಳನೇ ದಿನದ ಸುಮಾರಿಗೆ ಆಸ್ಪತ್ರೆಯಲ್ಲೇ ಡ್ರೆಸ್ಸಿಂಗ್ ಬಿಚ್ಚುತ್ತಾರೆ. ಅಂಚು ಎದ್ದಿದೆ ಅಂತ ಮನೆಯಲ್ಲಿ ಎಳೆಯಲು ಹೋಗಬೇಡಿ. ಅದಾಗಿಯೇ ಜಾರಿದರೆ ವೈದ್ಯರಿಗೆ ಫೋನ್ ಮಾಡಿ.

ನೋವು ದಿನ ಕಳೆದಂತೆ ಕಡಿಮೆಯಾಗಬೇಕು. ಅದು ಏರುತ್ತಾ ಹೋದರೆ, ಜ್ವರ ಬಂದರೆ, ವಾಸನೆ ಬರುವ ಕೀವು ಕಂಡರೆ, ಸುತ್ತ ಕೆಂಪು ಹರಡಿದರೆ ಏಳನೇ ದಿನದವರೆಗೆ ಕಾಯದೆ ಅವತ್ತೇ ತೋರಿಸಿ. ಚರ್ಮ ತೆಗೆದ ಜಾಗವನ್ನು ಮರೆಯಬೇಡಿ. ಹಲವರಿಗೆ ಕಸಿ ಮಾಡಿದ ಜಾಗಕ್ಕಿಂತ ತೊಡೆಯ ಉರಿಯೇ ಜಾಸ್ತಿ ಇರುತ್ತದೆ. ಒಂದೆರಡು ವಾರದಲ್ಲಿ ಅದು ಒಣಗುತ್ತದೆ.

ಹೆಜ್ಜೆ 6: ಬಣ್ಣ ಬರುವ ಕಾಲ

ಡ್ರೆಸ್ಸಿಂಗ್ ಬಿಚ್ಚಿದ ದಿನ ಕಾಣುವುದು ಗುಲಾಬಿ ಬಣ್ಣದ, ಹೊಳೆಯುವ ಹೊಸ ಚರ್ಮ. ಬಣ್ಣ ಇರುವುದಿಲ್ಲ. ಎದೆಗುಂದಬೇಡಿ. ಗುಳ್ಳೆ ಕಸಿ ಮಾಡಿಸಿದವರಿಗೆ ಇನ್ನೊಂದು ಗಾಬರಿ ಇರುತ್ತದೆ. ಒಂದೆರಡು ವಾರದಲ್ಲಿ ಹಾಕಿದ ಪೊರೆಯೇ ಒಣಗಿ ಉದುರುತ್ತದೆ. ಕಸಿ ಕೆಟ್ಟುಹೋಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಅಷ್ಟು ಹೊತ್ತಿಗೆ ಬಣ್ಣದ ಕೋಶಗಳು ಕೆಳಗಿಳಿದು ನೆಲೆಯೂರಿರುತ್ತವೆ.

ಸುಮಾರು ಮೂರು ನಾಲ್ಕು ವಾರದಿಂದ ಬಣ್ಣ ಮೂಡಲು ಶುರು. ಕೋಶ ದ್ರಾವಣದಲ್ಲಿ ಇನ್ನೂ ಕೆಲವು ವಾರ ತಡವಾಗಬಹುದು. ಮೊದಲು ಮೋಡ ಮೋಡವಾಗಿ, ಅಲ್ಲಲ್ಲಿ ತೇಪೆಯಾಗಿ ಬಂದು ಆಮೇಲೆ ಕೂಡಿಕೊಳ್ಳುತ್ತದೆ. ಪೂರ್ತಿ ಫಲಿತಾಂಶ ನೋಡಲು ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಶುರುವಿನಲ್ಲಿ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಕಾಣುವುದು ತೀರಾ ಸಾಮಾನ್ಯ. ತಿಂಗಳುಗಳು ಕಳೆದಂತೆ ತಿಳಿಯಾಗಿ ಹೊಂದಿಕೊಳ್ಳುತ್ತದೆ. ಆ ಕಪ್ಪು ಕಂಡು ಬಣ್ಣ ತಿಳಿ ಮಾಡುವ ಕ್ರೀಮ್ ಹಚ್ಚಲು ಹೋಗಬೇಡಿ.

ಗಾಯ ಪೂರ್ತಿ ಒಣಗಿದ ಮೇಲೆ, ಹೆಚ್ಚಾಗಿ ಮೂರು ನಾಲ್ಕು ವಾರಕ್ಕೆ, ಬೆಳಕಿನ ಚಿಕಿತ್ಸೆ ಸೇರಿಸುತ್ತಾರೆ. ಒಂದೋ 311 ನ್ಯಾನೋಮೀಟರ್‌ನ ನ್ಯಾರೋಬ್ಯಾಂಡ್ ಯುವಿಬಿ, ಇಲ್ಲವೇ 308 ನ್ಯಾನೋಮೀಟರ್‌ನ ಎಕ್ಸೈಮರ್ ಬೆಳಕು. ಹೊಸದಾಗಿ ನೆಲೆಯೂರಿದ ಕೋಶಗಳನ್ನು ಇದು ಹುರಿದುಂಬಿಸಿ ಹರಡುವಂತೆ ಮಾಡುತ್ತದೆ. ಆಪರೇಷನ್ ಆಯಿತಲ್ಲ, ಇನ್ನು ಬೆಳಕು ಯಾಕೆ ಅಂತ ಬಿಟ್ಟುಬಿಡುವವರು ಬಹಳ. ಕಸಿ ಮುಗಿದ ಮೇಲೂ ಚಿಕಿತ್ಸೆ ಮುಂದುವರಿಯುತ್ತದೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮನೆಯಲ್ಲೇ ಬಿಸಿಲಿಗೆ ಕೂತು ಇದರ ಬದಲಿ ಮಾಡಿಕೊಳ್ಳುವುದು ಬೇಡ, ಹೊಸ ಚರ್ಮ ಸುಟ್ಟುಹೋಗುತ್ತದೆ.

ಹೋಗುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ನನ್ನ ಮಚ್ಚೆ ನಿಂತಿದೆ ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ? ಈ ಜಾಗಕ್ಕೆ ಈ ವಿಧಾನವೇ ಯಾಕೆ? ಚರ್ಮ ಎಲ್ಲಿಂದ ತೆಗೆಯುತ್ತೀರಿ, ಅಲ್ಲಿ ಏನು ಗುರುತು ಉಳಿಯುತ್ತದೆ? ಇದೇ ಜಾಗಕ್ಕೆ ನೀವು ಮಾಡಿದವರ ಒಂದು ವರ್ಷದ ನಂತರದ ಫೋಟೋ ಇದೆಯಾ? ಎರಡನೇ ಸಲ ಬೇಕಾದರೆ ಎಷ್ಟು ಅಂತರ? ಎಲ್ಲರಿಗೂ ಒಂದೇ ವಿಧಾನ, ನೂರಕ್ಕೆ ನೂರು ಖಾತ್ರಿ ಅಂತ ಹೇಳುವ ಕಡೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಬಣ್ಣ ಪೂರ್ತಿ ಬರದಿದ್ದರೆ, ಮತ್ತೆ ಹೋದರೆ

ಚೂರುಗಳ ನಡುವೆ, ಅಂಚಿನ ಸುತ್ತ ಬಿಳಿ ಉಳಿಯುವುದು ವಿಶೇಷವೇನಲ್ಲ. ಬೆಳಕಿನ ಚಿಕಿತ್ಸೆಗೂ ಅದು ತುಂಬದಿದ್ದರೆ, ಮೊದಲ ಕಸಿಯ ಫಲಿತಾಂಶ ಪೂರ್ತಿ ತಿಳಿದ ಮೇಲೆ ಅಷ್ಟು ಜಾಗಕ್ಕೆ ಮಾತ್ರ ಇನ್ನೊಮ್ಮೆ ಮಾಡಬಹುದು. ತುಟಿಯಂಥ ಕಡೆ ಏನೂ ಫಲ ಕೊಡದಿದ್ದರೆ ವೈದ್ಯಕೀಯ ಹಚ್ಚೆ ಹಾಕುವುದುಂಟು. ಆದರೆ ಹಚ್ಚೆಯ ಬಣ್ಣ ವರ್ಷ ಕಳೆದಂತೆ ಮಾಸುತ್ತದೆ, ಇಲ್ಲ ನೀಲಿ ಛಾಯೆಗೆ ತಿರುಗುತ್ತದೆ. ನೀರಿಗೆ ಹೋಗದ, ಮಚ್ಚೆ ಮರೆಮಾಡುವ ಕ್ಯಾಮೊಫ್ಲಾಜ್ ಕ್ರೀಮ್ ಹೆಚ್ಚು ಅಪಾಯವಿಲ್ಲದ ದಾರಿ. ಏನೂ ಮಾಡಿಸದೆ ಹಾಗೇ ಬಿಡುವುದೂ ಒಂದು ದಾರಿಯೇ. ತೊನ್ನು ಅಂಟುವ ರೋಗ ಅಲ್ಲ, ಮಚ್ಚೆಯಿಂದ ನೋವೂ ಇಲ್ಲ. ಮದುವೆಯ ಒತ್ತಡಕ್ಕೋ ನೆಂಟರ ಮಾತಿಗೋ ಅವಸರದಲ್ಲಿ ಆಪರೇಷನ್ ಮೇಜು ಹತ್ತುವುದು ಬೇಡ.

ಕಸಿ ಮಚ್ಚೆಗೆ ಬಣ್ಣ ಕೊಡುತ್ತದೆ, ರೋಗದ ಮೂಲವನ್ನು ತೆಗೆಯುವುದಿಲ್ಲ. ವರ್ಷಗಳ ನಂತರ ರೋಗ ಮತ್ತೆ ಎದ್ದರೆ ನೆಟ್ಟ ಕೋಶಗಳ ಮೇಲೂ ದಾಳಿ ಆಗಬಹುದು. ಆದ್ದರಿಂದ ಮೈಮೇಲೆ ಎಲ್ಲೇ ಹೊಸ ಚುಕ್ಕಿ ಕಂಡರೂ, ಕಸಿಯ ಅಂಚು ಮಸುಕಾದರೂ, ಎರಡು ಮೂರು ವಾರದೊಳಗೆ ಚರ್ಮವೈದ್ಯರಿಗೆ ತೋರಿಸಿ. ಹರಡುವುದನ್ನು ತಡೆಯುವ ಮಾತ್ರೆ ಮತ್ತು ಬೆಳಕಿನ ಚಿಕಿತ್ಸೆ ಬೇಗ ಶುರುವಾದಷ್ಟೂ ಬಂದ ಬಣ್ಣ ಉಳಿಯುವ ಸಾಧ್ಯತೆ ಹೆಚ್ಚು. ಹೋಗುವಾಗ ಹಳೆಯ ಫೋಟೋಗಳನ್ನೂ ಆ ಗೆರೆ ಎಳೆದ ಪ್ಲಾಸ್ಟಿಕ್ ಹಾಳೆಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ.